ಆಸ್ಪತ್ರೆಯವರೇ ಆಪರೇಷನ್‌ಗೆ ಮಲಗಬೇಕಾದಾಗ: ಅಂಜಿಕೆ ಇಳಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಸ್ಟಾಫ್ ನರ್ಸ್ ಒಬ್ಬರಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಗುತ್ತದೆ. ಆಪರೇಷನ್ ಆಗಬೇಕು. ಮನೆಯಲ್ಲಿ ಹೇಳಿದ ಕೂಡಲೇ ಬರುವ ಮಾತು ಒಂದೇ: "ದಿನಾ ಆಪರೇಷನ್ ನೋಡಾಕಿ ನೀ, ನಿನಗೆಂಥಾ ಅಂಜಿಕಿ ಬೇ?" ವಾರ್ಡಿನಲ್ಲಿ ಜೊತೆಯವರೂ ಅದನ್ನೇ ಹೇಳುತ್ತಾರೆ. ಆಕೆ ನಕ್ಕು ಸುಮ್ಮನಾಗುತ್ತಾಳೆ. ರಾತ್ರಿ ಮಾತ್ರ ನಿದ್ದೆ ಹತ್ತುವುದಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್, ಡಾಕ್ಟರ್, ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ಲ್ಯಾಬ್‌ನವರು, ಫಾರ್ಮಸಿಯವರು, ಆಶಾ ಕಾರ್ಯಕರ್ತೆಯರು, ಆಯಾಗಳು, ವಾರ್ಡ್‌ಬಾಯ್‌ಗಳು, ಎಲ್ಲರಿಗಾಗಿ ಈ ಬರಹ. ನಾನು ಓಟಿಯಲ್ಲಿ ವರ್ಷಗಟ್ಟಲೆ ನಿಂತವಳು. ಅದೇ ಟೇಬಲ್ ಮೇಲೆ ಮಲಗಿಯೂ ಬಂದಿದ್ದೇನೆ. ತಿಳಿದವರ ಭಯ ಬೇರೆ ಥರದ್ದು. "ಏನೂ ಆಗಲ್ಲ ಬಿಡಿ" ಅನ್ನುವ ಸಮಾಧಾನ ಅದಕ್ಕೆ ನಾಟುವುದಿಲ್ಲ. ಮಾಡಲು ಏನಾದರೂ ಕೆಲಸ ಇದ್ದರೆ ಅದು ಇಳಿಯುತ್ತದೆ. ಆಪರೇಷನ್ ಅಂತ ಗೊತ್ತಾದ ದಿನದಿಂದ ಡ್ಯೂಟಿಗೆ ವಾಪಸ್ ಬರುವ ತನಕ ಏನೇನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ. ಇದು ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಷನ್‌ಗಳ ಮಾತು. ತುರ್ತಿನಲ್ಲಿ ಇಷ್ಟೆಲ್ಲ ಸಮಯ ಇರುವುದಿಲ್ಲ.

ಮೊದಲ ಹಂತ: ಅಂಜಿಕೆ ಯಾವುದರದ್ದು ಅಂತ ಬರೆದಿಡಿ

ಐಸಿಯು ಡ್ಯೂಟಿಯವರು ದಿನವಿಡೀ ನೋಡುವುದು ತೊಂದರೆ ಆದವರನ್ನೇ. ಲ್ಯಾಪ್ರೊಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಮಾಡಿಸಿಕೊಂಡು ಮರುದಿನ ಚಹಾ ಕುಡಿದು ಮನೆಗೆ ನಡೆದುಹೋದವರ ಹೆಸರೂ ನಮಗೆ ನೆನಪಿರುವುದಿಲ್ಲ. ಪಿತ್ತನಾಳಕ್ಕೆ ಪೆಟ್ಟು ಬಿದ್ದ ಒಬ್ಬರ ಬೆಡ್ ನಂಬರ್ ಕೂಡ ಮರೆಯುವುದಿಲ್ಲ. ಕಬ್ಬಿನ ಸೀಸನ್‌ನಲ್ಲಿ ಕ್ಯಾಶುವಾಲ್ಟಿಯಲ್ಲಿ ಕೂತವರಿಗೆ ರಸ್ತೆ ಮೇಲಿನ ಪ್ರತಿ ಟ್ರ್ಯಾಕ್ಟರೂ ಉರುಳುತ್ತೆ ಅನಿಸುತ್ತದೆ, ಅಲ್ವಾ? ಕಾರ್ಖಾನೆಗೆ ಹೋಗಿ ಕಬ್ಬು ಇಳಿಸಿ ಸುಮ್ನೆ ಮನೆಗೆ ಮರಳಿದ ಟ್ರ್ಯಾಕ್ಟರ್‌ಗಳು ಕ್ಯಾಶುವಾಲ್ಟಿಗೆ ಬರುವುದೇ ಇಲ್ಲ. ಕೆಟ್ಟದ್ದು ಎಷ್ಟಾಯಿತು ಅನ್ನುವುದು ನಮಗೆ ಗೊತ್ತು. ಒಟ್ಟು ಎಷ್ಟರಲ್ಲಿ ಎಷ್ಟು ಅನ್ನುವುದು ಗೊತ್ತಿಲ್ಲ. ಸುಲಭವಾಗಿ ನೆನಪಿಗೆ ಬರುವುದನ್ನೇ ಮನಸ್ಸು ಜಾಸ್ತಿ ನಡೆಯುವುದು ಅಂದುಕೊಳ್ಳುತ್ತದೆ. ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ತೋರಿಸಿದ್ದಾರೆ.

ಒಂದು ಉದಾಹರಣೆ. "ನಡುವೆ ಎಚ್ಚರ ಆಗಿಬಿಟ್ಟರೆ?" ಅನ್ನುವುದು ಓಟಿಯವರ ದೊಡ್ಡ ಭಯ. ಬ್ರಿಟನ್ ಮತ್ತು ಐರ್ಲೆಂಡಿನ ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ, ಸುಮಾರು 19,000 ಜನರಲ್ ಅನಸ್ತೇಸಿಯಾಗೆ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ಒಬ್ಬರಂತೆ ಎಚ್ಚರವಾಗಿದ್ದ ನೆನಪು ಹೇಳಿದ್ದರು. ಅದೇ ವರದಿಯಲ್ಲಿ ಜನರಲ್ ಕೊಟ್ಟು ಮಾಡಿದ ಸಿಸೇರಿಯನ್‌ನಲ್ಲಿ ಅದು ಸುಮಾರು 670ಕ್ಕೆ ಒಂದು. ಎಷ್ಟು ವ್ಯತ್ಯಾಸ ನೋಡಿ. ಹಾಗಾಗಿ "ಎಲ್ಲರಿಗೂ ಏನಾಗುತ್ತೆ" ಅಂತ ಕೇಳಬೇಡಿ. ನನ್ನ ಆಪರೇಷನ್‌ಗೆ, ನನ್ನ ವಯಸ್ಸಿಗೆ, ನನ್ನ ಶುಗರ್‌ಗೆ ಎಷ್ಟು ಅಂತ ಕೇಳಿ.

ಒಂದು ನೋಟ್‌ಬುಕ್ ತಗೊಳ್ಳಿ. ಒಂದು ಸಾಲಿಗೆ ಒಂದೇ ಅಂಜಿಕೆ ಬರೆಯಿರಿ. "ಆಪರೇಷನ್ ಭಯ" ಅಂತ ಮೋಘಮ್ ಬರೆದರೆ ಉಪಯೋಗವಿಲ್ಲ. "ನಿದ್ದೆಯಿಂದ ಏಳುವಾಗ ಏನಾದರೂ ಬಡಬಡಿಸಿಬಿಟ್ಟರೆ", "ನನಗೆ ಮೂತ್ರದ ಕ್ಯಾಥೆಟರ್ ಹಾಕುವವರು ನಾನೇ ಕಲಿಸಿದ ಹುಡುಗಿಯರು", "ಮಗಳ ಪರೀಕ್ಷೆ ಹೊತ್ತಿಗೆ ನಾನು ಬೆಡ್ ಮೇಲಿದ್ದರೆ" ಅಂತ ಬಿಡಿಸಿ ಬರೆಯಿರಿ. ಪಕ್ಕದಲ್ಲಿ ಇದಕ್ಕೆ ಉತ್ತರ ಯಾರ ಹತ್ತಿರ ಇದೆ ಅಂತ ಬರೆಯಿರಿ: ಸರ್ಜನ್, ಅನಸ್ತೇಸಿಯಾ ಡಾಕ್ಟರ್, ಮೇಟ್ರನ್, ಇಲ್ಲವೇ ಮನೆಯವರು. ಬಹಳ ಸಾಲುಗಳು ಕತ್ತರಿ ಸೂಜಿಗೆ ಸಂಬಂಧಿಸಿದವೇ ಅಲ್ಲ ಅಂತ ಆಗ ಗೊತ್ತಾಗುತ್ತದೆ. ಮಾನ, ಮರ್ಯಾದೆ, ಮಕ್ಕಳು, ರಜೆ, ದುಡ್ಡು. ಇವಕ್ಕೆಲ್ಲ ಮುಂಚೆಯೇ ವ್ಯವಸ್ಥೆ ಮಾಡಬಹುದು.

ಅಂಜಿಕೆ ಎಷ್ಟಿದೆ ಅಂತ ಅಳೆಯಲೂ ಬರುತ್ತದೆ. 1996ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೂಪಿಸಿದ ಆರು ಪ್ರಶ್ನೆಗಳ ಪಟ್ಟಿಯೊಂದು ಇವತ್ತಿಗೂ ಬಳಕೆಯಲ್ಲಿದೆ. ಅನಸ್ತೇಸಿಯಾ ಬಗ್ಗೆ ಚಿಂತೆ ಇದೆಯಾ, ಅದೇ ತಲೆಯಲ್ಲಿ ಸುತ್ತುತ್ತಿದೆಯಾ, ಅದರ ಬಗ್ಗೆ ಜಾಸ್ತಿ ತಿಳಿಯಬೇಕು ಅನಿಸುತ್ತಾ. ಇದೇ ಮೂರು ಪ್ರಶ್ನೆ ಆಪರೇಷನ್ ಬಗ್ಗೆಯೂ. ಒಂದೊಂದಕ್ಕೆ 1ರಿಂದ 5 ಅಂಕ. ಚಿಂತೆಯ ನಾಲ್ಕು ಪ್ರಶ್ನೆ ಸೇರಿ 11 ಮುಟ್ಟಿದರೆ ಅಂಜಿಕೆ ಗಣನೀಯವಾಗಿದೆ ಅಂತ ಅರ್ಥ. ಆ ಅಂಕವನ್ನು ಅನಸ್ತೇಸಿಯಾ ಡಾಕ್ಟರಿಗೆ ಹೇಳಿ. ಬಿಪಿ, ಶುಗರ್ ಹೇಳುವಷ್ಟೇ ಸಹಜವಾಗಿ ಹೇಳಿ. ತೀರಾ ಅಂಜಿದವರಿಗೆ ಆಪರೇಷನ್ ನಂತರ ನೋವೂ ಜಾಸ್ತಿ ಕಾಡುತ್ತದೆ. ಅವರು ತಿಳಿದಿರಬೇಕಾದ ವಿಷಯ ಇದು.

ಎರಡನೇ ಹಂತ: ಎಲ್ಲಿ ಮಾಡಿಸಬೇಕು ಅಂತ ತೀರ್ಮಾನಿಸಿ

ನಮ್ಮ ಆಸ್ಪತ್ರೆಯಲ್ಲೇ ಮಾಡಿಸಿದರೆ ಯಾರ ಕೈ ಹೇಗಿದೆ ಅಂತ ಗೊತ್ತಿರುತ್ತದೆ. ಖರ್ಚೂ ಕಡಿಮೆ ಆಗಬಹುದು. ಆದರೆ ಟೇಬಲ್ ಸುತ್ತ ನಿಲ್ಲುವವರೆಲ್ಲ ನಾಳೆ ಕ್ಯಾಂಟೀನಿನಲ್ಲಿ ಜೊತೆಗೆ ಕೂರುವವರು. ಗರ್ಭಚೀಲದ ಆಪರೇಷನ್, ಮೂಲವ್ಯಾಧಿ, ಸ್ತನದ ಗಂಟು, ಹೈಡ್ರೋಸೀಲ್ ಅಂದರೆ ಇದು ಸಣ್ಣ ಮಾತಲ್ಲ. ಎಷ್ಟೋ ಸಿಸ್ಟರ್‌ಗಳು, ಬ್ರದರ್‌ಗಳು ಈ ಒಂದೇ ಕಾರಣಕ್ಕೆ ವರ್ಷಗಟ್ಟಲೆ ನೋವು ನುಂಗಿಕೊಂಡು ಓಡಾಡುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ನೋಟ್‌ಬುಕ್‌ನಲ್ಲಿ ಸಂಕೋಚದ ಸಾಲುಗಳೇ ಜಾಸ್ತಿ ಇದ್ದರೆ ಬೇರೆ ಕಡೆ ಮಾಡಿಸಿ. ಅದು ನಿಮ್ಮ ಆಸ್ಪತ್ರೆಗೆ ಮಾಡುವ ಅವಮಾನ ಅಲ್ಲ. "ಏನಾದರೂ ಆದರೆ ಯಾರು ನೋಡುತ್ತಾರೆ" ಅನ್ನುವ ಸಾಲುಗಳು ಜಾಸ್ತಿ ಇದ್ದರೆ ಪರಿಚಯದ ಕೈಯಲ್ಲೇ ಇರಿ.

ಬೇರೆ ಊರಿಗೆ ಹೋಗುವುದು ನಮ್ಮ ಕಡೆ ಹೊಸದಲ್ಲ. ಅಥಣಿ, ಚಿಕ್ಕೋಡಿ ಕಡೆಯವರು ಮಿರಜ್‌ಗೆ ಹೋಗುತ್ತಾರೆ, ಇಂಡಿ, ವಿಜಯಪುರದವರು ಸೊಲ್ಲಾಪುರಕ್ಕೆ, ಬಾಗಲಕೋಟೆಯವರು ಹುಬ್ಬಳ್ಳಿಗೆ. ಆದರೆ ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿಲೋಮೀಟರ್. ಹೊಲಿಗೆ ಬಿಚ್ಚಿಸಲು, ಡ್ರೆಸ್ಸಿಂಗ್‌ಗೆ, ರಾತ್ರಿ ಜ್ವರ ಬಂದರೆ ಅಷ್ಟು ದೂರ ಹೋಗಬೇಕಾ? ಊರಲ್ಲೇ ಫಾಲೋಅಪ್ ನೋಡುವವರು ಯಾರು ಅಂತ ಮೊದಲೇ ಗೊತ್ತುಮಾಡಿ.

ಬೆಳಗಾವಿಯ ಬಿಮ್ಸ್, ಕೆಎಲ್‌ಇ, ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿಎಲ್‌ಡಿಇ, ಇವೆಲ್ಲ ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆಗಳು. ಇಂಥ ಕಡೆ ರೌಂಡ್ಸ್ ಸಮಯದಲ್ಲಿ ಹಾಸಿಗೆ ಸುತ್ತ ಗುಂಪು ನಿಲ್ಲುವುದು ಮಾಮೂಲು. ಬೇಡ ಅನಿಸಿದರೆ ಅಡ್ಮಿಟ್ ಆಗುವಾಗಲೇ ನಿಮ್ಮ ಡಾಕ್ಟರಿಗೆ ಹೇಳಿ. ಕ್ಯಾಥೆಟರ್ ಹಾಕಲು, ಶೇವಿಂಗ್ ಮಾಡಲು ಹೆಂಗಸರೇ ಬೇಕು ಅಥವಾ ಗಂಡಸರೇ ಬೇಕು ಅಂತ ಕೇಳುವುದೂ ಸರಿಯಾದ ಬೇಡಿಕೆಯೇ. ಹಿಂದಿನ ದಿನ ಹೇಳಿದರೆ ಡ್ಯೂಟಿ ಹೊಂದಿಸುತ್ತಾರೆ. ಟೇಬಲ್ ಮೇಲೆ ಮಲಗಿದ ಮೇಲೆ ಹೇಳಿದರೆ ಅವರಿಗೂ ಕಷ್ಟ.

ದುಡ್ಡಿನ ಮಾತು ಕಡೆಗೆ ಇಡಬೇಡಿ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದ ಖಾಸಗಿ ಆಸ್ಪತ್ರೆ ನೌಕರರು ಇಎಸ್‌ಐಗೆ ಬರುತ್ತಾರೆ. ಎಷ್ಟೋ ಜನ ತಾವೇ ಕಾರ್ಡು ತೆಗೆದು ನೋಡಿರುವುದಿಲ್ಲ. ಸರ್ಕಾರಿ ನೌಕರರು ತಮಗೆ ಅನ್ವಯಿಸುವ ಯೋಜನೆಯಲ್ಲಿ ಆ ಆಸ್ಪತ್ರೆ, ಆ ಆಪರೇಷನ್ ಎರಡೂ ಇವೆಯಾ, ಮುಂಚಿತ ಒಪ್ಪಿಗೆ ಬೇಕಾ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಿ.

ಮೂರನೇ ಹಂತ: ಓಪಿಡಿ ಚೀಟಿ ಮಾಡಿಸಿ

ಚಿಕ್ಕ ಮಾತು ಅನಿಸಬಹುದು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ನಾವು ಚೀಟಿ ಮಾಡಿಸುವುದಿಲ್ಲ. ಕಾರಿಡಾರಿನಲ್ಲಿ ಸರ್ಜನ್ ಸಿಕ್ಕಾಗ ಮೊಬೈಲ್‌ನಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸುತ್ತೇವೆ. "ಗುರುವಾರ ಹಾಕೋಣ ಸಿಸ್ಟರ್" ಅಂತ ಅವರೂ ಹೇಳಿ ಹೋಗುತ್ತಾರೆ. ಹೊಟ್ಟೆ ಮುಟ್ಟಿ ನೋಡಿಲ್ಲ. ಅಲರ್ಜಿ ಕೇಳಿಲ್ಲ. ಫೈಲೇ ಇಲ್ಲ. ಆಮೇಲೆ "ನಮ್ಮ ಸಿಸ್ಟರ್ ಅಲ್ವಾ" ಅಂತ ಪಿಎಸಿ (ಅನಸ್ತೇಸಿಯಾಗೆ ಮುಂಚಿನ ತಪಾಸಣೆ) ಅರ್ಧಕ್ಕೆ ಮುಗಿಯುತ್ತದೆ, ಕೈಗೆ ಬ್ಯಾಂಡ್ ಕಟ್ಟುವುದಿಲ್ಲ, ಲಿಸ್ಟ್ ಮುಗಿದ ಮೇಲೆ ರಾತ್ರಿ ಕಡೆಯ ಕೇಸ್ ಅಂತ ತಗೊಳ್ಳುತ್ತಾರೆ. ದಣಿದ ತಂಡ, ಅರ್ಧ ಸ್ಟಾಫ್. ಪ್ರೀತಿಯಿಂದಲೇ ಮಾಡುತ್ತಾರೆ, ನಿಜ. ಆದರೆ ದಿನವೂ ಮಾಡುವ ಕ್ರಮ ತಪ್ಪುವುದು ಇಲ್ಲೇ. ಬೇಕಾದವರಿಗೆ ವಿಶೇಷ ಉಪಚಾರ ಮಾಡಲು ಹೋಗಿ ಚಿಕಿತ್ಸೆ ಕೆಡುವುದಕ್ಕೆ ವೈದ್ಯರು ವಿಐಪಿ ಸಿಂಡ್ರೋಮ್ ಅಂತ ಹೆಸರನ್ನೇ ಇಟ್ಟಿದ್ದಾರೆ.

ಹಾಗಾಗಿ ಎಲ್ಲರಂತೆ ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತು, ನಿಮ್ಮ ಸರದಿಯಲ್ಲಿ ಒಳಗೆ ಹೋಗಿ. ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ: "ಸರ್, ನನಗೆ ಏನೂ ಗೊತ್ತಿಲ್ಲ ಅಂತ ತಿಳಿದು ಎಲ್ಲ ಹೇಳಿ." ಇಷ್ಟು ಹೇಳಿದರೆ ಅವರು ಪೇಷಂಟಿಗೆ ಹೇಳುವ ಹಾಗೆ ಹೇಳುತ್ತಾರೆ. ಇಲ್ಲದಿದ್ದರೆ ನಿಮಗೆ ಗೊತ್ತಿದೆ ಅಂತ ಅವರು, ಕೇಳಿದರೆ ದಡ್ಡಿ ಅಂದುಕೊಂಡಾರು ಅಂತ ನೀವು. ಮಾತೇ ಆಗುವುದಿಲ್ಲ.

ನಾಲ್ಕನೇ ಹಂತ: ಪಿಎಸಿಯಲ್ಲಿ ಏನನ್ನೂ ಮುಚ್ಚಿಡಬೇಡಿ

ಅನಸ್ತೇಸಿಯಾ ಡಾಕ್ಟರ್ ಮುಂದೆ ಕೂರುವ ಆ ಸ್ವಲ್ಪ ಹೊತ್ತು ನಿಮ್ಮ ಸುರಕ್ಷತೆಗೆ ಬಹಳ ಬೆಲೆಯುಳ್ಳದ್ದು. ನಾವು ಮುಚ್ಚಿಡುವ ವಿಷಯಗಳೇ ಅಲ್ಲಿ ಬೇಕಾದವು.

ನಾವೇ ತಗೊಳ್ಳುವ ಮಾತ್ರೆಗಳು ಮೊದಲು. ನೈಟ್ ಡ್ಯೂಟಿ ಮುಗಿಸಿ ನಿದ್ದೆಗೆ ಅಂತ ಆಲ್ಪ್ರಜೋಲಮ್, ಬೆನ್ನು ನೋವಿಗೆ ಡೈಕ್ಲೋಫೆನಾಕ್, ಟ್ರಮಡಾಲ್. ಚೀಟಿ ಇಲ್ಲದೆ ಸಿಗುವ ಕಡೆ ಕೆಲಸ ಮಾಡುವವರಿಗೆ ಇದು ಸುಲಭ. ದಿನಾ ಆಲ್ಪ್ರಜೋಲಮ್ ನುಂಗುವವರಿಗೆ ಅನಸ್ತೇಸಿಯಾ ಔಷಧಿಯ ಲೆಕ್ಕ ಬದಲಾಗಬಹುದು. ಥಟ್ಟನೆ ನಿಲ್ಲಿಸಿದರೂ ತೊಂದರೆ. ನಾಚಿಕೆ ಬಿಟ್ಟು ಹೇಳಿ.

ಶುಗರ್ ಮಾತ್ರೆಯ ಹೆಸರು ಹೇಳಿ, "ಶುಗರ್ ಗುಳಿಗೆ" ಅಂದರೆ ಸಾಲದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದವನ್ನು ಸಾಮಾನ್ಯವಾಗಿ ಮೂರು ದಿನ ಮುಂಚೆಯೇ ನಿಲ್ಲಿಸುತ್ತಾರೆ. ಶುಗರ್ ಏರದಿದ್ದರೂ ಕೀಟೊಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯಕಾರಿಯಾಗಿ ಏರುವುದು) ಆಗಬಹುದು ಅನ್ನುವ ಕಾರಣಕ್ಕೆ. ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆಗಳಲ್ಲಿ ಕೆಲವು ನಿಲ್ಲಿಸುತ್ತಾರೆ, ಕೆಲವು ಬೆಳಗ್ಗೆಯೂ ನುಂಗಲು ಹೇಳುತ್ತಾರೆ. ನೀವೇ ತೀರ್ಮಾನ ಮಾಡಬೇಡಿ.

ತಂಬಾಕು, ಗುಟ್ಕಾ, ಮಿಶ್ರಿ (ಹುರಿದ ತಂಬಾಕಿನ ಪುಡಿ). ನಮ್ಮ ಗಡಿ ಭಾಗದಲ್ಲಿ ಹೆಂಗಸರೂ ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ, ಹೇಳುವುದಿಲ್ಲ. ಗುಟ್ಕಾದಿಂದ ಬಾಯಿ ಬಿಗಿದುಕೊಂಡು ಪೂರ್ತಿ ತೆರೆಯದಿದ್ದರೆ ಉಸಿರಾಟದ ಟ್ಯೂಬ್ ಹಾಕುವುದು ಕಷ್ಟ. ಇದು ಮೊದಲೇ ಗೊತ್ತಿದ್ದರೆ ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಕೂಡ ತೋರಿಸಿ.

ವಾಂತಿಯ ಮಾತೂ ಹೇಳಿ. ಚೋರ್ಲಾ ಘಾಟ್‌ನಲ್ಲಿ ಬಸ್ ತಿರುಗಿದಾಗ ನಿಮಗೆ ವಾಂತಿ ಆಗುತ್ತಾ? ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಹೆಂಗಸಾಗಿರುವುದು, ಸಿಗರೇಟ್ ಸೇದದಿರುವುದು, ಪ್ರಯಾಣದಲ್ಲಿ ಅಥವಾ ಹಿಂದಿನ ಆಪರೇಷನ್‌ನಲ್ಲಿ ವಾಂತಿ ಆಗಿದ್ದು, ಆಪರೇಷನ್ ನಂತರ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುವುದು: ಈ ನಾಲ್ಕೂ ಇದ್ದವರಲ್ಲಿ ಸುಮಾರು 80% ಜನರಿಗೆ ಜನರಲ್ ಅನಸ್ತೇಸಿಯಾ ನಂತರ ಹೊಟ್ಟೆ ತೊಳಸುವುದೋ ವಾಂತಿಯೋ ಆಗುತ್ತದೆ. ಒಂದೂ ಇಲ್ಲದವರಲ್ಲಿ ಸುಮಾರು 10%. ಮೊದಲೇ ಹೇಳಿದರೆ ತಡೆಯುವ ಔಷಧಿ ಮೊದಲೇ ಕೊಡುತ್ತಾರೆ.

ಬಿಪಿ ನೋಡುವಾಗ ಏರಿದರೆ ಗಾಬರಿ ಆಗಬೇಡಿ, ಅಂಜಿಕೆಗೂ ಏರುತ್ತದೆ. 180/110 ದಾಟಿದರೆ ಸಾಮಾನ್ಯವಾಗಿ ಆಪರೇಷನ್ ಮುಂದೂಡುತ್ತಾರೆ. ಮನೆಯಲ್ಲಿ ನೋಡಿಕೊಂಡ ಬಿಪಿಯನ್ನು ಒಂದು ವಾರ ಬರೆದಿಟ್ಟು ತೋರಿಸಿದರೆ ಡಾಕ್ಟರಿಗೆ ನಿರ್ಧಾರ ಸುಲಭ.

ಸ್ಪೈನಲ್ (ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಅನಸ್ತೇಸಿಯಾ) ತಗೊಂಡರೆ ಜೀವನಪೂರ್ತಿ ಬೆನ್ನು ನೋವು ಅಂತ ವಾರ್ಡಿನಲ್ಲಿ ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಹಾಗೆ ಅನ್ನಲು ಆಧಾರ ಇಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಕೂತರೆ ಜಾಸ್ತಿ, ಮಲಗಿದರೆ ಕಡಿಮೆ ಆಗುವ ತಲೆನೋವು ಕೆಲವರಿಗೆ ಬರುವುದುಂಟು. ಪೆನ್ಸಿಲ್ ಮೊನೆಯಂಥ ಸಣ್ಣ ಸೂಜಿ ಬಳಸಿದರೆ ಅದೂ ಕಡಿಮೆ. ಯಾವ ಸೂಜಿ ಅಂತ ಕೇಳಿ, ಅವರು ಹೇಳುತ್ತಾರೆ.

ಐದನೇ ಹಂತ: ಸಹಿ ಮಾಡುವ ಮುನ್ನ ಓದಿ

ನೂರಾರು ಜನರಿಂದ ಕನ್ಸೆಂಟ್ ಸಹಿ ಹಾಕಿಸಿದವರು ನಾವು. ನಮ್ಮದು ಬಂದಾಗ ಓದದೆ ಸಹಿ ಹಾಕುತ್ತೇವೆ. ಕೂತು ಓದಿ. "ಒಳಗೆ ನೋಡಿದ ಮೇಲೆ ಇನ್ನೇನಾದರೂ ತೆಗೆದುಬಿಟ್ಟರೆ" ಅನ್ನುವ ಭಯ ಗರ್ಭಚೀಲದ, ಅಂಡಾಶಯದ ಆಪರೇಷನ್‌ಗೆ ಹೋಗುವವರಿಗೆ ಜಾಸ್ತಿ. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಬೇರೆ ಆಪರೇಷನ್‌ಗೆ ಒಪ್ಪಿಗೆ ಆಗುವುದಿಲ್ಲ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಜೀವ ಉಳಿಸುವ ತುರ್ತು ಇದ್ದರೆ ಮಾತು ಬೇರೆ. ಏನು ತೆಗೆಯಬಹುದು, ಏನು ತೆಗೆಯುವ ಹಾಗಿಲ್ಲ ಅಂತ ಸರ್ಜನ್ ಜೊತೆ ಮಾತಾಡಿ ಆ ಫಾರ್ಮಿನಲ್ಲೇ ಬರೆಸಿ.

ರಕ್ತ ಪರೀಕ್ಷೆಯ ಅಂಜಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಂದೋ ಸೂಜಿ ಚುಚ್ಚಿಕೊಂಡಿದ್ದು, ರಿಪೋರ್ಟ್ ಮಾಡದೆ ಕೈ ತೊಳೆದು ಬಿಟ್ಟಿದ್ದು ಆಗ ನೆನಪಾಗುತ್ತದೆ. ಎಚ್‌ಐವಿ, ಹೆಪಟೈಟಿಸ್ ರಿಪೋರ್ಟ್ ನಮ್ಮ ಲ್ಯಾಬ್‌ನಲ್ಲೇ ಬಂದರೆ ಎಲ್ಲರಿಗೂ ಗೊತ್ತಾಗುತ್ತೆ ಅಂತ ಎದೆ ಹೊಡೆದುಕೊಳ್ಳುತ್ತದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು, ಪಾಸಿಟಿವ್ ಅನ್ನುವ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಬೇಕಿದ್ದರೆ ಮೊದಲು ಬೇರೆ ಊರಿನ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿ ಮನಸ್ಸು ಹಗುರ ಮಾಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿಲ್ಲದಿದ್ದರೆ ಈ ನೆಪದಲ್ಲಾದರೂ ಮುಗಿಸಿ.

ಆರನೇ ಹಂತ: ಮನೆಯವರಿಗೆ ಕೆಲಸ ಹಂಚಿ

ಮನೆಯಲ್ಲಿ ಎಲ್ಲರ ರಿಪೋರ್ಟ್ ಓದಿ ಹೇಳುವವರು ನೀವೇ. ಈಗ ಆ ಜಾಗ ಖಾಲಿ. ನಿಮಗೆ ನಂಬಿಕೆ ಇರುವ ಒಬ್ಬ ಸಹೋದ್ಯೋಗಿಗೆ ಆ ಕೆಲಸ ಒಪ್ಪಿಸಿ. ಡಾಕ್ಟರ್ ಹೇಳಿದ್ದನ್ನು ಅತ್ತೆ ಮಾವನಿಗೆ, ಗಂಡನಿಗೆ ತಿಳಿಸಿ ಹೇಳುವುದು ಅವರ ಜವಾಬ್ದಾರಿ. ಪಕ್ಕದಲ್ಲಿ ಕೂರಲು ಮಾತ್ರ ಆಸ್ಪತ್ರೆಯವರಲ್ಲದ ಒಬ್ಬರು ಇರಲಿ. ಅಕ್ಕ, ಅವ್ವ, ಗಂಡ, ಯಾರಾದರೂ ಸರಿ. ಮಾನಿಟರ್ ನೋಡದೆ ನಿಮ್ಮ ಮುಖ ನೋಡುವವರು ಬೇಕು.

ಅಮಾವಾಸ್ಯೆ ದಿನ ಬೇಡ ಅಂತ ಹಿರಿಯರು ಅಂದರೆ, ವೈದ್ಯಕೀಯವಾಗಿ ತಡ ಮಾಡಬಾರದ ಕಾರಣ ಇಲ್ಲದಿದ್ದರೆ, ಎರಡು ದಿನ ಆಚೀಚೆ ಮಾಡಿಕೊಳ್ಳಿ. ಅವರ ಮನಸ್ಸೂ ನೆಮ್ಮದಿಯಾಗಿದ್ದರೆ ನಿಮ್ಮ ಹಾಸಿಗೆ ಪಕ್ಕ ಜಗಳ ಇರುವುದಿಲ್ಲ.

ಏಳನೇ ಹಂತ: ಹಿಂದಿನ ರಾತ್ರಿ ಮತ್ತು ಆ ಬೆಳಗ್ಗೆ

ಮೊಬೈಲ್‌ನಲ್ಲಿ ಆಪರೇಷನ್ ವಿಡಿಯೋ ನೋಡಬೇಡಿ. ನಿಮ್ಮ ಕೇಸಿನ ತೊಡಕುಗಳ ಬಗ್ಗೆ ಲೇಖನ ಓದಬೇಡಿ. ಕೇಳುವ ಹೊತ್ತು ಮುಗಿದಿದೆ. ನಿದ್ದೆಗೆ ಮಾತ್ರೆ ಬೇಕಾದರೆ ಅನಸ್ತೇಸಿಯಾ ಡಾಕ್ಟರ್ ಬರೆದದ್ದನ್ನೇ ತಗೊಳ್ಳಿ, ಬ್ಯಾಗಿನಲ್ಲಿರುವುದನ್ನಲ್ಲ.

ಹೊಟ್ಟೆ ಖಾಲಿ ಇಡುವ ಲೆಕ್ಕ: ಹಗುರ ಊಟಕ್ಕೆ ಆರು ಗಂಟೆ, ಎಣ್ಣೆ ತುಪ್ಪದ ಊಟಕ್ಕೆ ಎಂಟು ಗಂಟೆ ಅಥವಾ ಹೆಚ್ಚು, ನೀರಿಗೆ ಎರಡು ಗಂಟೆ. ಶುಗರ್, ಬಸಿರು, ಹೊಟ್ಟೆಯ ತೊಂದರೆ ಇದ್ದವರಿಗೆ ಡಾಕ್ಟರ್ ಬೇರೆ ಹೇಳಬಹುದು, ಅದೇ ಅಂತಿಮ. ನಮ್ಮ ಕಡೆಯವರು ಎಡವುವುದು ಚಹಾದಲ್ಲಿ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೂ ಆರು ಗಂಟೆ. "ಅರ್ಧ ಕಪ್ಪು ಏನಾಗಂಗಿಲ್ಲ ಕುಡಿಯವ್ವಾ" ಅನ್ನುವವರ ಮಾತು ಕೇಳಬೇಡಿ. ಕುಡಿದಿದ್ದರೆ ಮುಚ್ಚಿಡದೆ ಹೇಳಿ.

ಬಳೆ, ಕಾಲುಂಗುರ, ಮಂಗಳಸೂತ್ರ ತೆಗೆಯುವ ಗಳಿಗೆಯಲ್ಲಿ ಗಟ್ಟಿಗಿತ್ತಿಯರೂ ಅಳುವುದನ್ನು ನೋಡಿದ್ದೇನೆ. ಪೇಷಂಟ್‌ಗಳಿಗೆ "ತೆಗೀರಿ, ಬೇಗ ತೆಗೀರಿ" ಅಂತ ನಾವೇ ಗಡಿಬಿಡಿ ಮಾಡಿದವರು. ಸ್ಟ್ರೆಚರ್ ಬಂದು ನಿಂತಾಗ ತೆಗೆಯುವ ಬದಲು ಹಿಂದಿನ ಸಂಜೆ ಮನೆಯಲ್ಲೇ, ದೇವರ ಮುಂದೆ ಬೇಕಾದರೆ ಅಲ್ಲೇ, ತೆಗೆದು ಅವ್ವನ ಕೈಗೋ ಅತ್ತೆಯ ಕೈಗೋ ಕೊಡಿ. ಕಾಲುಂಗುರ ಬಿಗಿಯಾಗಿದ್ದರೆ ಸೋಪು ನೀರು ಹಚ್ಚಿ ನಿಧಾನ ತೆಗೆಯಲು ಆಗ ಪುರಸೊತ್ತು ಇರುತ್ತದೆ. ಕಾಟರಿ (ಕರೆಂಟಿನಿಂದ ಕೊಯ್ದು ರಕ್ತ ನಿಲ್ಲಿಸುವ ಉಪಕರಣ) ಬಳಸುವಾಗ ಮೈಮೇಲಿನ ಲೋಹದಿಂದ ಸುಡುವ ಅಪಾಯ, ಕೈಕಾಲು ಬಾತರೆ ಉಂಗುರ ಬಿಗಿಯುವ ಅಪಾಯ ಇರುವುದರಿಂದ ತೆಗೆಸುತ್ತಾರೆ. ಉಗುರು ಬಣ್ಣ ಒರೆಸಿ.

ಎಂಟನೇ ಹಂತ: ಓಟಿ ಒಳಗೆ

ಬಾಗಿಲು ದಾಟಿದ ಮೇಲೆ ಕಿವಿಯೇ ವೈರಿ. ಉಳಿದವರಿಗೆ ಅದು ಬರೀ ಬೀಪ್ ಶಬ್ದ. ಪಲ್ಸ್ ಆಕ್ಸಿಮೀಟರ್ ಸ್ವರ ಇಳಿದರೆ ಆಮ್ಲಜನಕ ಇಳಿದಿದೆ ಅಂತ ನಮಗೆ ಗೊತ್ತು. ಬೆರಳಿಂದ ಪ್ರೋಬ್ ಜಾರಿದರೂ ಅದು ಕೂಗುತ್ತದೆ ಅನ್ನುವುದೂ ಗೊತ್ತು. ಮಲಗಿದಾಗ ಮೊದಲನೆಯದಷ್ಟೇ ನೆನಪಿಗೆ ಬರುತ್ತದೆ. ಸ್ಪೈನಲ್‌ನಲ್ಲಿ ಎಚ್ಚರ ಇರುವವರು ಹೆಡ್‌ಫೋನ್ ಕೇಳಿ. ಭಜನೆ, ಹಳೆಯ ಹಾಡು, ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ, ನಿಮಗೆ ಹಿಡಿಸಿದ್ದು. ಸಂಗೀತದಿಂದ ಆಪರೇಷನ್ ಮುಂಚಿನ ಆತಂಕ ಇಳಿಯುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. ಒಂದು ಕಿವಿ ಮಾತ್ರ ಖಾಲಿ ಇರಲಿ, ಡಾಕ್ಟರ್ ಕರೆದರೆ ಕೇಳಬೇಕು.

ಮೊದಲೇ ಗೊತ್ತಿದ್ದರೆ ಹೆದರಿಸದ ಕೆಲವು ಅನುಭವಗಳಿವೆ. ಓಟಿ ವಿಪರೀತ ಚಳಿ ಅನಿಸುತ್ತದೆ, ಗೌನಿನ ಒಳಗೆ ಬರಿ ಮೈಯಲ್ಲಿ ಇನ್ನೂ ಜಾಸ್ತಿ. ಹೊದಿಕೆ ಕೇಳಿ. ಸ್ಪೈನಲ್ ಕೊಟ್ಟ ಮೇಲೆ ಪಾದ ಬೆಚ್ಚಗಾಗುತ್ತದೆ, ಆಮೇಲೆ ಕಾಲು ನಿಮ್ಮದಲ್ಲ ಅನಿಸುತ್ತದೆ. ಸ್ಪಿರಿಟ್ ಹತ್ತಿ ಮುಟ್ಟಿಸಿ ತಣ್ಣಗಿದೆಯಾ ಅಂತ ಕೇಳುತ್ತಾರೆ, ಅನಿಸಿದ್ದನ್ನೇ ಹೇಳಿ. ನೋವಿಲ್ಲದೆ ಎಳೆದಂತೆ, ಒತ್ತಿದಂತೆ ಅನಿಸುವುದು ಸಹಜ. ನೋವಾದರೆ ತಕ್ಷಣ ಹೇಳಿ. ಮೈ ನಡುಗುವುದೂ ಸಾಮಾನ್ಯ. ಜನರಲ್ ಆದರೆ ಪ್ರೊಪೊಫಾಲ್ ಹೋಗುವಾಗ ಕೈ ನರ ಉರಿಯಬಹುದು. ಮಾಸ್ಕ್ ಮುಖಕ್ಕೆ ಒತ್ತಿದರೆ ಉಸಿರು ಕಟ್ಟಿದಂತೆ ಆಗುವವರು "ನಾನೇ ಹಿಡಕೋತೀನಿ" ಅಂತ ಕೇಳಿ. ನಿಮ್ಮ ಕೈಯಲ್ಲೇ ಮಾಸ್ಕ್ ಇದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಮೂಗಿನಿಂದ ಎಳೆದ ಉಸಿರನ್ನು ಎರಡರಷ್ಟು ನಿಧಾನವಾಗಿ ಬಿಡಿ. ಹಿಂದಿನ ವಾರದಿಂದಲೇ ರೂಢಿ ಮಾಡಿಕೊಂಡಿದ್ದರೆ ಆಗ ತಾನಾಗಿ ಬರುತ್ತದೆ.

ನಿಮ್ಮ ಹೆಸರು, ಯಾವ ಆಪರೇಷನ್, ಯಾವ ಬದಿ, ಅಲರ್ಜಿ ಏನು ಅಂತ ಮತ್ತೆ ಮತ್ತೆ ಕೇಳುತ್ತಾರೆ. "ನನ್ನ ಗುರ್ತು ಇಲ್ಲೇನು ನಿಮಗ?" ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸರ್ಜರಿ ಚೆಕ್‌ಲಿಸ್ಟ್ ಅದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಚೆಕ್‌ಲಿಸ್ಟ್ ತಂದ ಮೇಲೆ ಸಾವಿನ ಪ್ರಮಾಣ 1.5%ರಿಂದ 0.8%ಗೆ ಇಳಿದಿತ್ತು. ಯಾರೂ ಕೇಳದಿದ್ದರೆ ನೀವೇ ಹೇಳಿ: "ಒಮ್ಮೆ ಎಲ್ಲ ಚೆಕ್ ಮಾಡಿಬಿಡ್ರಿ."

ಏಳುವಾಗ ಬಡಬಡಿಸುವ ಭಯ ಇದ್ದವರಿಗೆ ಒಂದು ಮಾತು. ಹೆಚ್ಚಿನವರು ಹೇಳುವುದು "ಮುಗೀತಾ?", "ನೀರು ಕೊಡಿ", ಅಷ್ಟೇ. ನೀವೇ ರಿಕವರಿಯಲ್ಲಿ ನಿಂತು ಕೇಳಿದವರು. ಯಾರ ಮಾತನ್ನಾದರೂ ನೆನಪಿಟ್ಟುಕೊಂಡಿದ್ದೀರಾ?

ಒಂಬತ್ತನೇ ಹಂತ: ವಾರ್ಡಿನಲ್ಲಿ ಪೇಷಂಟ್ ಆಗಿಯೇ ಇರಿ

ಒಬ್ಬ ಸಿಸ್ಟರ್ ಹರ್ನಿಯಾ ಆಪರೇಷನ್ ಆದ ಮರುದಿನ ಪಕ್ಕದ ಬೆಡ್‌ನ ಸಲೈನ್ ಖಾಲಿ ಆಗಿದ್ದು ನೋಡಿ, ಒಂದು ಕೈಯಲ್ಲಿ ತಮ್ಮದೇ ಯೂರಿನ್ ಬ್ಯಾಗ್ ಹಿಡಿದು ಎದ್ದು ಹೋಗಿ ಕ್ಲ್ಯಾಂಪ್ ಮುಚ್ಚಿದ್ದರು. ಗೋಡೆ ಹಿಡಿದುಕೊಂಡು ವಾಪಸ್ ಬರುವಾಗ ಮುಖ ಬೆವರಿಂದ ತೊಯ್ದಿತ್ತು. ಬೆಲ್ ಒತ್ತಿದರೆ ಸಾಕಿತ್ತು. ನಿಮ್ಮ ಫೈಲ್ ನೀವು ತಿರುವಿ ನೋಡುವುದು, ಡ್ರಿಪ್ ವೇಗ ನೀವೇ ಬದಲಿಸುವುದು, ಇವೂ ಬೇಡ. ಕೇಳಿ, ಅವರು ಹೇಳಲಿ.

ನೋವನ್ನು 10ಕ್ಕೆ ಎಷ್ಟು ಅಂತ ಕೇಳಿದಾಗ ನಿಜ ಹೇಳಿ. ರಾತ್ರಿ ಡ್ಯೂಟಿ ಸಿಸ್ಟರ್‌ಗೆ ತೊಂದರೆ ಯಾಕೆ ಅಂತ ಹಲ್ಲು ಕಚ್ಚಿ ಮಲಗುವವರು ನಮ್ಮಲ್ಲೇ ಜಾಸ್ತಿ. ನೋವಿದ್ದರೆ ಆಳವಾಗಿ ಉಸಿರಾಡಲು, ಕೆಮ್ಮಲು, ಎದ್ದು ನಡೆಯಲು ಆಗುವುದಿಲ್ಲ. ನಡೆಯದಿದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏನು ಅಂತ ನಿಮಗೆ ಹೇಳಬೇಕಿಲ್ಲ. ಲ್ಯಾಪ್ರೊಸ್ಕೋಪಿ ಆದವರಿಗೆ ಹೆಗಲು ನೋಯುವುದುಂಟು. ಹೊಟ್ಟೆಗೆ ತುಂಬಿದ ಗ್ಯಾಸ್ ವಪೆಯನ್ನು (ಎದೆ ಹೊಟ್ಟೆ ನಡುವಿನ ಪೊರೆ) ಕೆಣಕುವುದರಿಂದ ಹಾಗಾಗುತ್ತದೆ. ಹಾರ್ಟ್ ಅಟ್ಯಾಕ್ ಅಂತ ನಿಮ್ಮೊಳಗೇ ನಿರ್ಧರಿಸಿ ಒದ್ದಾಡುವ ಬದಲು ಡ್ಯೂಟಿ ಡಾಕ್ಟರಿಗೆ ಹೇಳಿ, ಅವರು ನೋಡಿ ಹೇಳುತ್ತಾರೆ.

ನೋಡಲು ಬರುವವರ ದಂಡು ಇನ್ನೊಂದು ಪರೀಕ್ಷೆ. ಬಾಳೆಹಣ್ಣು, ಬಿಸ್ಕೀಟು ಹಿಡಿದು ಊರೆಲ್ಲ ಬರುತ್ತದೆ. ಸಹೋದ್ಯೋಗಿಗಳು ಬಂದು "ಹೋದ ತಿಂಗಳು ಒಬ್ಬಾಕೆಗೆ ಹಿಂಗ ಆಗಿತ್ತು ನೋಡ್ರಿ" ಅಂತ ಶುರು ಮಾಡುತ್ತಾರೆ. ಬಾಗಿಲಲ್ಲಿ ನಿಲ್ಲಲು ಮಾತು ಬಲ್ಲ ಒಬ್ಬ ಅಣ್ಣನನ್ನೋ ಮಾಮನನ್ನೋ ಇಡಿ.

ಹತ್ತನೇ ಹಂತ: ಮನೆ, ಆಮೇಲೆ ಡ್ಯೂಟಿ

ಜ್ವರ, ಗಾಯದಿಂದ ಕೀವು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಕಟ್ಟುವುದು, ಒಂದೇ ಕಾಲು ಬಾತು ನೋಯುವುದು, ಉಸಿರು ಸಿಕ್ಕಿಹಾಕಿಕೊಳ್ಳುವುದು: ಯಾವುದಾದರೂ ಕಂಡರೆ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ. ಉಸಿರಿನ ತೊಂದರೆ ಆದರೆ ನೇರ ಆಸ್ಪತ್ರೆಗೆ. ವಾರ್ಡಿನಿಂದ ಆಂಟಿಬಯೋಟಿಕ್ ತರಿಸಿ ನೀವೇ ಶುರು ಮಾಡಬೇಡಿ. ಬಯಾಪ್ಸಿಗೆ ಕಳಿಸಿದ್ದರೆ ರಿಪೋರ್ಟ್ ಯಾವತ್ತು, ಯಾರು ತರುತ್ತಾರೆ ಅಂತ ಡಿಸ್ಚಾರ್ಜ್ ದಿನವೇ ಬರೆದಿಡಿ. ಅದನ್ನು ಡಾಕ್ಟರ್ ಎದುರೇ ತೆರೆಯಿರಿ, ಲ್ಯಾಬ್ ಗೆಳತಿಯಿಂದ ವಾಟ್ಸಾಪ್‌ನಲ್ಲಿ ತರಿಸಿ ರಾತ್ರಿ ಒಬ್ಬರೇ ಓದಬೇಡಿ.

ಗಾಯ ಮಾಗಿದ ಮೇಲೂ ನಿದ್ದೆ ಇಲ್ಲ, ಓಟಿ ನೆನಪಾದರೆ ಎದೆ ಬಡಿತ ಏರುತ್ತದೆ ಅಂದರೆ ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೆಸರು ಗುಟ್ಟಾಗಿರುತ್ತದೆ. ನೇರವಾಗಿ ಕಾಣಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಮೂರೂ ಜಿಲ್ಲೆಯವರಿಗೆ ತೀರಾ ದೂರ ಅಲ್ಲ.

ಡ್ಯೂಟಿಗೆ ಮರಳುವ ಮುಂಚೆ ಸರ್ಜನ್‌ರಿಂದ ಚೀಟಿ ಬರೆಸಿ. "ವಿಶ್ರಾಂತಿ ಬೇಕು" ಅಂತ ಒಂದೇ ಸಾಲು ಸಾಲದು. ಎಷ್ಟು ಕಿಲೋ ತನಕ ಎತ್ತಬಹುದು, ಪೇಷಂಟನ್ನು ಸ್ಟ್ರೆಚರಿನಿಂದ ಬೆಡ್‌ಗೆ ಎತ್ತಿ ಹಾಕಬಹುದಾ, ನೈಟ್ ಡ್ಯೂಟಿ ಯಾವಾಗಿಂದ, ಎಷ್ಟು ಹೊತ್ತು ನಿಲ್ಲಬಹುದು, ಸ್ಕೂಟಿ ಯಾವಾಗಿಂದ, ಎಲ್ಲ ಬರಹದಲ್ಲಿ ಇರಲಿ. ಹರ್ನಿಯಾ, ಗರ್ಭಚೀಲದ ಆಪರೇಷನ್ ಆದವರು ಸ್ಟಾಫ್ ಕಡಿಮೆ ಇದೆ ಅಂತ ಬೇಗ ಬಂದು ಭಾರ ಎತ್ತುವುದನ್ನು ಬಹಳ ನೋಡಿದ್ದೇನೆ. ಬಾಯಿ ಮಾತಿನಲ್ಲಿ ಹೇಳಿದ್ದು ಮೂರನೇ ದಿನಕ್ಕೆ ಎಲ್ಲರಿಗೂ ಮರೆತುಹೋಗುತ್ತದೆ. ಚೀಟಿಯ ಒಂದು ಪ್ರತಿ ಮೇಟ್ರನ್‌ಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಇನ್ನೊಂದು ನಿಮ್ಮ ಹತ್ತಿರ ಇರಲಿ. ಮೊದಲ ವಾರಗಳಿಗೆ ಓಟಿ ಬದಲು ಓಪಿಡಿ ಅಥವಾ ಸ್ಟೋರ್ ಕೊಡಿ ಅಂತ ಆ ಅರ್ಜಿಯಲ್ಲೇ ಬರೆದು ಕೇಳಿ.